ಮುಂದಿನ ಸಾಲಿನ ಪೆಟ್ಟಿಗೆ

ಆ ರಂಗಮಂದಿರದಲ್ಲಿ ಅಮ್ಮ ನೋಡದ ನಾಟಕವೇ ಇಲ್ಲ ಎಂದು ಎಲ್ಲರೂ ನಂಬಿದ್ದರು. ನಿಜ ಹೇಳಬೇಕೆಂದರೆ ಅಮ್ಮ ಒಂದೇ ಒಂದು ನಾಟಕವನ್ನೂ ನೋಡಿರಲಿಲ್ಲ.

ವೇಷಗಳ ಉಗ್ರಾಣ ಇದ್ದದ್ದು ರಂಗದ ಹಲಗೆಗಳ ಕೆಳಗೆ. ತಲೆ ಎತ್ತಿದರೆ ತೊಲೆ ಬಡಿಯುವಂಥ ತಗ್ಗು ಕೋಣೆ. ಮದುವೆಯಾದ ಹೊಸತರಲ್ಲಿ ಅಮ್ಮ ಅಲ್ಲಿ ಕೆಲಸಕ್ಕೆ ಸೇರಿದ್ದು. ಈಗ ಅವಳ ಮಗಳ ಕೂದಲೇ ನರೆಯುತ್ತಿದೆ. ಇಷ್ಟೂ ಕಾಲ ನಾಟಕ ನಡೆಯುವಾಗ ಅವಳು ಉಗ್ರಾಣ ಬಿಟ್ಟು ಕದಲಿದವಳಲ್ಲ. ಯಾವ ಟೋಪಿಯೊಳಗೆ ಯಾವ ಕೈಗವಸು, ಯಾವ ಬೂಟಿನೊಳಗೆ ಯಾವ ಮೀಸೆ ಎಂಬುದು ಅವಳೊಬ್ಬಳಿಗೇ ಗೊತ್ತು. ಮೇಲಿನಿಂದ ಯಾರಾದರೂ ಕೂಗಿದರೆ ಆ ವಸ್ತು ತಕ್ಷಣ ಮೆಟ್ಟಿಲು ಹತ್ತಬೇಕು. ಹೀಗಾಗಿ ನಾಟಕವೆಂದರೆ ಅವಳ ಪಾಲಿಗೆ ಕಾಲಿನ ಸಪ್ಪಳ. ರಾಣಿ ನಡೆದರೆ ಒಂದು ಬಗೆ, ಸೇವಕ ಓಡಿದರೆ ಇನ್ನೊಂದು ಬಗೆ. ರಾಜ ಸತ್ತನೆಂದರೆ ನಡುತೊಲೆಯ ಮೇಲೆ ದೊಪ್ಪೆಂದು ಬಿದ್ದು ಅವಳ ಟೀ ಲೋಟದೊಳಕ್ಕೆ ಧೂಳು ಉದುರುತ್ತಿತ್ತು.

"ಇವತ್ತೂ ಸತ್ತ ನೋಡು" ಎನ್ನುತ್ತಾ ಅಮ್ಮ ಲೋಟದ ಮೇಲೆ ಅಂಗೈ ಮುಚ್ಚುತ್ತಿದ್ದಳು.

ಒಂದು ಭಾನುವಾರ ಗುಂಡಿ ಹೊಲಿಯುತ್ತಾ ಅವಳೇ ಮಗಳ ಹತ್ತಿರ ಬಾಯಿಬಿಟ್ಟಳು. "ಆ ರಾಜನ ಪಾರ್ಟಿನವನು ಊಟ ಮಾಡೋದು ನೋಡಿದ್ದೀನಿ, ಗೊರಕೆ ಹೊಡೆಯೋದು ನೋಡಿದ್ದೀನಿ, ಹೆಂಡತಿ ಹತ್ರ ಬೈಸಿಕೊಳ್ಳೋದೂ ನೋಡಿದ್ದೀನಿ. ಸಾಯೋದೊಂದು ನೋಡಿಲ್ಲ ಕಣೆ. ಚೆನ್ನಾಗಿ ಸಾಯ್ತಾನಂತೆ. ಜನ ಅಳ್ತಾರಂತೆ."

ಮಗಳ ಮೂಗು ಕೆಂಪಾಯಿತು. ಅಳು ಬರಬೇಕಾದ ಕಡೆ ಅವಳಿಗೆ ಬರುವುದು ಸಿಟ್ಟು. ಅಮ್ಮ ಅವಳನ್ನು 'ಸಿಡುಕಿ' ಎಂದೇ ಕರೆಯುತ್ತಿದ್ದಳು, ನಾಟಕ ಕಂಪನಿಯವರೆಲ್ಲ ಹಾಗೇ ಕಲಿತಿದ್ದರು. ಸಿಡುಕಿ ನೀರು ಸರಬರಾಜು ಕಚೇರಿಯಲ್ಲಿ ಡೇಟಾಬೇಸ್ ನೋಡಿಕೊಳ್ಳುವವಳು. ಊರಿನ ಯಾವ ಗಲ್ಲಿಯ ಯಾವ ಪೈಪಿಗೆ ಯಾವ ನಲ್ಲಿ ಸೇರಿದೆ ಎಂದು ಕೇಳಿದರೆ ಕೂತಲ್ಲೇ ಹೇಳಬಲ್ಲವಳು.

"ಹೊಸ ನಾಟಕದ ಮೊದಲನೇ ದಿನ ನೀನು ಮುಂದಿನ ಸಾಲಲ್ಲಿ ಕೂರ್ತೀಯ. ಉಗ್ರಾಣ ನಾನು ನೋಡ್ಕೋತೀನಿ" ಎಂದಳು.

"ನೀನಾ? ನಿನ್ನ ಸ್ಕೂಟರ್ ಕೀ ನಿನಗೆ ಸಿಗಲ್ಲ."

"ನನಗೆ ಸಿಗಬೇಕಾಗಿಲ್ಲ. ಕಂಪ್ಯೂಟರಿಗೆ ಸಿಕ್ಕರೆ ಸಾಕು."

ಮಾತು ನಿರ್ದೇಶಕರ ಕಿವಿಗೂ ಬಿತ್ತು. ಅವರು ಒಳ್ಳೆಯ ಮನುಷ್ಯ, ಆದರೆ ನಾಟಕದ ವಿಷಯಕ್ಕೆ ಬಂದರೆ ಹೆತ್ತ ತಾಯಿಯನ್ನೂ ಸುಮ್ಮನೆ ಬಿಡುವವರಲ್ಲ. "ಅಮ್ಮ ಕೂತ್ಕೊಳ್ಳಲಿ, ನನಗೂ ಖುಷಿ. ಆದ್ರೆ ಏನಾದ್ರೂ ಸಿಗದೇ ಹೋದ್ರೆ ನಾನು ಅವರನ್ನ ಎಬ್ಬಿಸೇ ಎಬ್ಬಿಸ್ತೀನಿ. ಆಗ ನನ್ನ ಮೇಲೆ ಎಗರಾಡಬಾರದು."

ಅಮ್ಮ ಸೂಜಿಯ ನೂಲು ಕಚ್ಚಿ ತುಂಡರಿಸಿದಳು. "ಒಂದ್ಸಲ ಎಬ್ಬಿಸಿದ್ರೆ ಮುಗೀತು, ನಾನು ಮತ್ತೆ ಆ ಕುರ್ಚಿ ಕಡೆ ತಲೆ ಹಾಕಲ್ಲ. ಅರ್ಧ ನೋಡಿ ಎದ್ದು ಬರೋದಕ್ಕಿಂತ ಕೆಳಗೆ ಕೂತು ಧೂಳು ಕುಡಿಯೋದೇ ವಾಸಿ."

ಹೇಳಿದ ಮಾತು ಹಿಂದಕ್ಕೆ ತೆಗೆದುಕೊಳ್ಳುವ ಜಾಯಮಾನ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಕೆಲಸ ಅಂದುಕೊಂಡಷ್ಟು ಸುಲಭವಾಗಿರಲಿಲ್ಲ. ಅಮ್ಮ ಸಾಮಾನು ಇಡುತ್ತಿದ್ದ ರೀತಿಯೇ ಬೇರೆ. ಅಂಗಿಗಳೆಲ್ಲ ಒಂದು ಕಡೆ, ಟೋಪಿಗಳೆಲ್ಲ ಇನ್ನೊಂದು ಕಡೆ ಎಂಬ ಲೆಕ್ಕ ಅವಳ ಹತ್ತಿರ ಇಲ್ಲ. ಒಂದು ಮೈಮೇಲೆ ಹೋಗುವುದೆಲ್ಲ ಒಟ್ಟಿಗೆ ಮಲಗಬೇಕು. ಪೆಟ್ಟಿಗೆಯೊಳಗೆ ಕೋಟು, ಕೋಟಿನ ಜೇಬಿನೊಳಗೆ ಮಖಮಲ್ಲಿನ ಚೀಲ, ಆ ಚೀಲದೊಳಗೆ ಉಂಗುರ. ಬೂಟಿನೊಳಗೆ ಕಾಲುಚೀಲ, ಕಾಲುಚೀಲದೊಳಗೆ ಮುರಿಯಬಾರದ ಕನ್ನಡಕ. ತಗ್ಗು ಕೋಣೆಯಲ್ಲಿ ಇಷ್ಟು ವೇಷ ಹಿಡಿದದ್ದೇ ಹೀಗೆ ಒಂದರ ಹೊಟ್ಟೆಯಲ್ಲಿ ಇನ್ನೊಂದನ್ನು ತುರುಕಿದ್ದರಿಂದ.

ಸಿಡುಕಿ ಮೊದಲು ಒಂದೊಂದು ಪೆಟ್ಟಿಗೆಗೂ ಒಂದೊಂದು ದಾಖಲೆ ಬರೆದಳು. ಪೆಟ್ಟಿಗೆ ಶುರು, ಕೋಟು ಶುರು, ಜೇಬು ಶುರು, ಉಂಗುರ, ಜೇಬು ಮುಗಿಯಿತು, ಕೋಟು ಮುಗಿಯಿತು, ಹೀಗೆ. ಆ ಉದ್ದುದ್ದ ದಾಖಲೆಗಳನ್ನು ಹಾಗೇ ಎತ್ತಿ ಡೇಟಾಬೇಸಿನ ಟೇಬಲ್ಲೆಂಬ ಪಟ್ಟಿಗೆ ತುಂಬಿದಳು. ಉಗ್ರಾಣದ ಹಳೆಯ ಕಂಪ್ಯೂಟರಿನಲ್ಲೂ ಎಲ್ಲರ ಫೋನುಗಳಲ್ಲೂ ಹುಡುಕುವ ಪುಟ ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಒಂದು ಉಂಗುರ ಹುಡುಕಿದರು. ಯಂತ್ರ ಮೊದಲ ಪೆಟ್ಟಿಗೆಯ ಮೊದಲ ಅಕ್ಷರದಿಂದ ಹಿಡಿದು ಪ್ರತಿಯೊಂದು ದಾಖಲೆಯನ್ನೂ ಕೂತು ಓದತೊಡಗಿತು. ತೆರೆಯ ಮೇಲೆ ಚಕ್ರ ತಿರುಗಿತು, ತಿರುಗಿತು, ತಿರುಗುತ್ತಲೇ ಇತ್ತು.

"ಪಾಪ, ಓದಲಿ ಬಿಡು, ಪರೀಕ್ಷೆ ಇರಬೇಕು ಅದಕ್ಕೆ" ಎಂದ ಟೈಲರ್ ಮಾವ.

ಟೈಲರ್ ಮಾವ ಅಮ್ಮನ ತಮ್ಮ. ಕಂಪನಿಯ ಬಟ್ಟೆ ಹೊಲಿಯುವವನು. ಅವನ ತುಟಿಗಳ ನಡುವೆ ಸದಾ ಗುಂಡುಪಿನ್ನುಗಳಿರುತ್ತಿದ್ದವು. ಸಾಮಾನ್ಯ ಮಾತಿಗೆಲ್ಲ ಹೂಂ, ಊಹೂಂ. ಯಾರನ್ನಾದರೂ ಹಂಗಿಸಬೇಕಾದಾಗ ಮಾತ್ರ ಪಿನ್ನುಗಳನ್ನು ಒಂದೊಂದಾಗಿ ತೆಗೆದು ತೋಳಿಗೆ ಚುಚ್ಚಿಕೊಂಡು, ಬಾಯಿ ಖಾಲಿ ಮಾಡಿಕೊಂಡು ಶುರು ಮಾಡುತ್ತಿದ್ದ.

ಸಿಡುಕಿ ಮೂಗು ಕೆಂಪಗೆ ಮಾಡಿಕೊಂಡು ಎಲ್ಲವನ್ನೂ ಒಡೆದಳು. ಈಗ ಪ್ರತಿ ವಸ್ತುವಿಗೂ ಟೇಬಲ್ಲಿನಲ್ಲಿ ಒಂದು ಸಾಲು. ಯಾವುದು ಯಾವುದರೊಳಗಿದೆ ಎಂದು ಅದರ ಪಕ್ಕದಲ್ಲಿ ಬರೆದದ್ದಾಯಿತು. ಆದರೆ ಕೆಂಪು ಪೆಟ್ಟಿಗೆಯಲ್ಲಿ ಉಂಗುರಗಳು ಎಷ್ಟಿವೆ ಎಂದು ಕೇಳಿದರೆ, ಯಂತ್ರ ಒಂದೊಂದು ಉಂಗುರವನ್ನೂ ಹಿಡಿದು 'ನಿಮ್ಮಪ್ಪ ಯಾರು, ನಿಮ್ಮಜ್ಜ ಯಾರು, ನಿಮ್ಮ ಮುತ್ತಜ್ಜ ಯಾರು' ಎಂದು ವಿಚಾರಿಸುತ್ತಾ ಹತ್ತಬೇಕಾಗಿತ್ತು. ಅದೂ ನಿಧಾನವೇ.

"ಹೆಣ್ಣು ನೋಡೋಕೆ ಬಂದೋರ ಥರ ವಿಚಾರಿಸ್ತಿದೆಯಲ್ಲೇ ನಿನ್ನ ಮೆಷಿನ್ನು" ಎಂದ ಮಾವ.

"ಮಾವ, ನೀವು ಆ ಪಿನ್ನುಗಳನ್ನ ವಾಪಸ್ ಬಾಯಿಗೆ ಹಾಕ್ಕೊಳ್ಳಿ."

ಸಿಡುಕಿ ಮೂಲೆಯಲ್ಲಿ ಒಂದು ಪೆಟ್ಟಿಗೆಯ ಮೇಲೆ ಬೆನ್ನು ತಿರುಗಿಸಿ ಕುಳಿತಳು. ಯಾರ ಮುಖವೂ ಬೇಡವೆನಿಸಿತ್ತು. ಅವಳ ಬೆನ್ನ ಹಿಂದೆ ಅಮ್ಮ ಸೇನಾಪತಿಯ ಪದಕ ಒರೆಸಲು ಪೆಟ್ಟಿಗೆ ಬಿಚ್ಚುತ್ತಿದ್ದಳು. ಚಿಲಕದ ಟಣ್ ಸದ್ದು. ಚೀಲದ ಜಿಪ್ಪಿನ ಸರ್ರನೆಯ ಸದ್ದು. ಜೇಬಿನ ಗುಂಡಿಯ ಟಿಕ್. ಅಮ್ಮ ಪದಕವನ್ನು ಒರೆಸಿ ಮತ್ತೆ ಇಟ್ಟಳು. ಟಿಕ್. ಸರ್ರ್. ಟಣ್.

ಸಿಡುಕಿ ನಿಧಾನವಾಗಿ ತಿರುಗಿದಳು.

"ಅಮ್ಮ, ಇನ್ನೊಂದ್ಸಲ ತೆಗಿ."

"ಈಗ ತಾನೇ ಮುಚ್ಚಿದ್ದೀನಿ."

"ತೆಗಿಯೇ ಅಂದ್ರೆ."

ಅಮ್ಮ ಗೊಣಗುತ್ತಾ ತೆಗೆದಳು. ಸಿಡುಕಿ ಸೀಮೆಸುಣ್ಣ ಹಿಡಿದು, ಪ್ರತಿ ಬಾರಿ ಏನಾದರೂ ತೆರೆದಾಗ ಒಂದು ನಂಬರು, ಮುಚ್ಚಿದಾಗ ಅದರ ಮುಂದಿನ ನಂಬರು ಎಂದು ಪೆಟ್ಟಿಗೆಯ ಮುಚ್ಚಳದ ಮೇಲೆ ಬರೆಯುತ್ತಾ ಹೋದಳು. ಪೆಟ್ಟಿಗೆ ತೆರೆದದ್ದು ಒಂದಕ್ಕೆ, ಮುಚ್ಚಿದ್ದು ಎಂಟಕ್ಕೆ. ಪದಕ ತೆಗೆದದ್ದು ನಾಲ್ಕಕ್ಕೆ, ಮತ್ತೆ ಇಟ್ಟದ್ದು ಐದಕ್ಕೆ. ಒಂದು ಮತ್ತು ಎಂಟರ ನಡುವೆ ಏನೇನು ಬರುತ್ತದೋ ಅದೆಲ್ಲ ಆ ಪೆಟ್ಟಿಗೆಯೊಳಗಿನದು. ಅಪ್ಪ ಯಾರು, ಅಜ್ಜ ಯಾರು ಎಂದು ಕೇಳುವುದೇ ಬೇಡ. ಎರಡು ನಂಬರು ನೋಡಿದರೆ ಸಾಕು, ಯಾರು ಯಾರ ಹೊಟ್ಟೆಯಲ್ಲಿದ್ದಾರೆ ಎಂದು ಗೊತ್ತಾಗುತ್ತದೆ.

ಅವಳು ಆ ನಂಬರುಗಳ ಮೇಲೆ ಒಂದು ಇಂಡೆಕ್ಸ್, ವಸ್ತುಗಳ ಹೆಸರಿನ ಮೇಲೆ ಇನ್ನೊಂದು ಇಂಡೆಕ್ಸ್ ಕಟ್ಟಿದಳು. ನಿಘಂಟಿನಲ್ಲಿ 'ಮ' ಅಕ್ಷರದ ಮಾತು ಬೇಕಾದರೆ ಯಾರೂ 'ಅ'ದಿಂದ ಓದುತ್ತಾ ಬರುವುದಿಲ್ಲ, ಅಂದಾಜಿನ ಮೇಲೆ ಬೆರಳು ತೂರಿಸಿ ತೆರೆಯುತ್ತಾರೆ. ಯಂತ್ರಕ್ಕೂ ಅಂಥದೇ ಬೆರಳು ಸಿಕ್ಕಿತು. ಹುಡುಕು ಎಂದು ಒತ್ತಿದರೆ ಸಾಕು, ಕೈ ಎತ್ತುವುದರೊಳಗೆ ಉತ್ತರ. ಚಕ್ರ ತಿರುಗಲು ಅದಕ್ಕೆ ಪುರುಸೊತ್ತೇ ಇರಲಿಲ್ಲ. ಮಾವ ಎಲ್ಲ ಪಿನ್ನುಗಳನ್ನೂ ತೆಗೆದ, ಹಂಗಿಸಲು ಏನೂ ಸಿಗದೆ ಮತ್ತೆ ಬಾಯಿಗೆ ಹಾಕಿಕೊಂಡ.

ಈ ಸಂತೋಷ ತಾಲೀಮಿನವರೆಗೆ ಬಾಳಿತು. ಅವತ್ತು ಅಮ್ಮ ಮೊದಲ ಪೆಟ್ಟಿಗೆಗೆ ಒಂದು ಜೊತೆ ಹೊಸ ಕಾಲುಚೀಲ ಸೇರಿಸಿ, ಮಗಳು ಕಲಿಸಿದಂತೆ ಕಂಪ್ಯೂಟರಿನಲ್ಲೂ ಸೇರಿಸಿದಳು. ಸಿಡುಕಿ ಒಂದರ ಹಿಂದೆ ಒಂದರಂತೆ ಒತ್ತೊತ್ತಾಗಿ ನಂಬರು ಕೊಟ್ಟಿದ್ದಳಲ್ಲ, ನಡುವೆ ಎರಡು ನಂಬರು ನುಗ್ಗಿದ್ದೇ ತಡ, ಅದರ ಮುಂದಿದ್ದ ಸಮಸ್ತ ಟೋಪಿ, ಬೂಟು, ಗಡ್ಡ, ಮೀಸೆಗಳಿಗೂ ಹೊಸ ನಂಬರು ಬರೆಯುತ್ತಾ ಯಂತ್ರ ಉಸಿರುಗಟ್ಟಿ ಕುಳಿತಿತು. ಮೇಲೆ ರಾಜ ಒಂದೇ ಬೂಟಿನಲ್ಲಿ ನಿಂತಿದ್ದ. ನಿರ್ದೇಶಕರು ಅಮ್ಮನನ್ನೇ ಕೂಗಿದರು. ಅಮ್ಮ ಕಣ್ಣು ಮುಚ್ಚಿಕೊಂಡು ಬೂಟು ತೆಗೆದುಕೊಟ್ಟಳು.

ಮಾವನ ತೋಳಿನ ಮೇಲೆ ಪಿನ್ನುಗಳ ಸಾಲು ನಿಂತಿತು. "ಒಂದು ಜೊತೆ ಕಾಲುಚೀಲಕ್ಕೆ ಇಡೀ ಊರನ್ನೇ ಮನೆ ಖಾಲಿ ಮಾಡಿಸಿದ್ಯಲ್ಲೇ."

ಸಿಡುಕಿ ಸೀಮೆಸುಣ್ಣ ಗೋಡೆಗೆ ಎಸೆದಳು. ಅದು ಪುಡಿಯಾಯಿತು. ಅವಳು ತಿರುಗಿ ಮಾವನಿಗೆ ಬಾಯಿಗೆ ಬಂದದ್ದು ಅನ್ನಬೇಕು, ಅಷ್ಟರಲ್ಲಿ ಅವನ ಕೈಯಲ್ಲಿದ್ದ ಕೋಟು ಕಣ್ಣಿಗೆ ಬಿತ್ತು. ರಾಜನ ಹೊಟ್ಟೆ ಬೆಳೆದಿತ್ತು. ಮಾವ ಕೋಟಿನ ಹೊಲಿಗೆ ಬಿಚ್ಚುತ್ತಿದ್ದ. ಹೊಲಿಗೆಯೊಳಗೆ ಎರಡೂ ಕಡೆ ಧಾರಾಳವಾಗಿ ಬಟ್ಟೆ ಮಡಚಿಕೊಂಡಿತ್ತು.

"ಅಷ್ಟು ಬಟ್ಟೆ ಯಾಕೆ ಒಳಗೆ ಬಿಟ್ಟಿದ್ದೀರಿ?"

"ನಾಟಕದವರು ದಪ್ಪ ಆಗದೇ ಇರ್ತಾರಾ? ಗೊತ್ತಿದ್ದೇ ಬಿಡೋದು."

ಸಿಡುಕಿಗೆ ತನ್ನ ಮೇಲೇ ನಗು ಬಂತು. ಕಚೇರಿಯಲ್ಲಿ ಹೊಸ ನಲ್ಲಿಗಳಿಗಾಗಿ ನಡುವೆ ಜಾಗ ಬಿಡುವುದು ಅವಳಿಗೆ ಹಲ್ಲುಜ್ಜುವಷ್ಟು ಸಹಜ. ಅಮ್ಮನನ್ನು ಬೇಗ ಕುರ್ಚಿಯಲ್ಲಿ ಕೂರಿಸುವ ಅವಸರದಲ್ಲಿ ಅದನ್ನೇ ಮರೆತಿದ್ದಳು. ಅವತ್ತೇ ಎಲ್ಲ ನಂಬರುಗಳ ನಡುವೆ ದೂರ ದೂರ ಜಾಗ ಬಿಟ್ಟು ಬರೆದಳು. ಇನ್ನು ಯಾರು ಎಲ್ಲಿ ಬೇಕಾದರೂ ದಪ್ಪ ಆಗಬಹುದಿತ್ತು.

ಕೊನೆಗೆ ಅವಳು ಒಂದು ಕಟ್ಟಳೆ ಮಾಡಿದಳು. ವಸ್ತು ಕದಲುವ ಮೊದಲು ಕಂಪ್ಯೂಟರಿನಲ್ಲಿ ಕದಲಬೇಕು. "ಮೊದಲು ಮೆಷಿನ್ನಿಗೆ, ಆಮೇಲೆ ಕೈಗೆ. ಯಾವುದೂ ಗಾಳಿಯಲ್ಲಿ ತೇಲಬಾರದು, ಯಾವುದಾದರೂ ಒಂದರೊಳಗೆ ಇರಲೇಬೇಕು. ಪೆಟ್ಟಿಗೆ ಎಲ್ಲಿದೆ ಅಂತ ಜಾಗವನ್ನೂ ಬರೀಬೇಕು. ತಿಳೀತಾ ಅಮ್ಮ?"

"ನನಗೆ ಹೇಳ್ತೀಯಾ? ನಿನ್ನ ಹಾಗೆ ಎಲ್ಲೆಂದರಲ್ಲಿ ಬಿಸಾಡೋಳಾ ನಾನು?"

ಮೊದಲ ಪ್ರದರ್ಶನದ ದಿನ ಸಿಡುಕಿ ಅಮ್ಮನನ್ನು ಮಧ್ಯಾಹ್ನವೇ ಉಗ್ರಾಣದಿಂದ ಓಡಿಸಿದಳು. ಅಮ್ಮ ಹೋಗಲು ಮನಸ್ಸಿಲ್ಲದೆ ಇನ್ನೊಂದಿಷ್ಟು ಹೊತ್ತು ಅದು ಮುಟ್ಟಿ ಇದು ಮುಟ್ಟಿ, ಕಂಪ್ಯೂಟರಿನಲ್ಲಿ ಏನೋ ಕುಟ್ಟಿ, ಕೊನೆಗೆ ಮನೆಗೆ ಹೋಗಿ ತಲೆ ಬಾಚಿಕೊಂಡು ಬಂದಳು. ಸಂಜೆ ಪರದೆಯ ಸಂದಿನಿಂದ ಸಿಡುಕಿ ಇಣುಕಿ ನೋಡಿದಳು. ಮುಂದಿನ ಸಾಲಿನ ನಡುವೆ, ಹೆಗಲಿಗೆ ನೀಲಿ ಶಾಲು ಹೊದ್ದು, ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು, ಫೋಟೋ ತೆಗೆಸಿಕೊಳ್ಳಲು ಕೂತವಳಂತೆ ಅಮ್ಮ ಕೂತಿದ್ದಳು. ಪರದೆ ಇನ್ನೂ ಎದ್ದಿರಲಿಲ್ಲ, ಅವಳು ಪರದೆಯನ್ನೇ ನೋಡುತ್ತಿದ್ದಳು.

ನಾಟಕ ಶುರುವಾಯಿತು. ಕೆಳಗೆ ಸಿಡುಕಿಯ ಕೈ ಬಿಡುವಿಲ್ಲದಾಯಿತು. ಕತ್ತಿಯ ಒರೆ? ಕರಿ ಪೆಟ್ಟಿಗೆ, ನಡುಪಟ್ಟಿಯ ಸುರುಳಿಯೊಳಗೆ. ಮುದುಕನ ಗಡ್ಡ? ಚೌಕದ ಪೆಟ್ಟಿಗೆ, ಟೋಪಿಯೊಳಗೆ, ಎಡಗೈ ಗವಸಿನೊಳಗೆ. ಕೇಳಿದವರ ಬಾಯಿ ಮುಚ್ಚುವ ಮೊದಲೇ ಉತ್ತರ. ಅವಳು ಓಡಾಡುತ್ತಾ ಸಣ್ಣಗೆ ಹಾಡಿಕೊಳ್ಳತೊಡಗಿದಳು. ಮಾವ ಅವಳ ಹಾಡು ಕೇಳಿದ್ದು ಅವಳು ಶಾಲೆಗೆ ಹೋಗುತ್ತಿದ್ದಾಗಲೇ ಕೊನೆ.

ಆಗ ರಾಣಿಯ ಪಾರ್ಟಿನವಳು ಸೆರಗು ಎತ್ತಿ ಹಿಡಿದುಕೊಂಡು ಮೆಟ್ಟಿಲಿಳಿದು ಬಂದಳು. "ಅಕ್ಕ, ಹಸಿರು ಕಲ್ಲಿನ ಪಿನ್ನು ಕೊಡಿ. ಕೆಂಪು ಕಲ್ಲು ದೀಪದಲ್ಲಿ ಕಾಣ್ತಿಲ್ಲ, ಹಸಿರೇ ಹಾಕು ಅಂತ ಸರ್ ಸಂಜೆ ಹೇಳಿದ್ರು. ಮುಂದಿನ ದೃಶ್ಯದಲ್ಲಿ ದೂತನಿಗೆ ಗುರುತು ಅಂತ ಅದನ್ನೇ ಬಿಚ್ಚಿ ಕೊಡಬೇಕು."

"ನನಗೆ ಗೊತ್ತು, ತಾಳು" ಎಂದು ಮಾವ ಪಿನ್ನುಗಳ ಸಂದಿನಿಂದಲೇ ಅಂದ. ಯಂತ್ರಕ್ಕಿಂತ ಮೊದಲು ಹೇಳಬೇಕೆಂಬ ಹಟ ಅವನಿಗೆ ಸಂಜೆಯಿಂದ. ಪಿನ್ನು ಸದಾ ಇರುತ್ತಿದ್ದ, ಹಳೆಯ ನಾಟಕದ ವಿಧವೆ ವೇಷದ ಪೆಟ್ಟಿಗೆ ತೆರೆದ, ಮಖಮಲ್ಲಿನ ಚೀಲಕ್ಕೆ ಕೈಹಾಕಿದ. ಚೀಲ ಖಾಲಿ. ಬುಡಮೇಲು ಮಾಡಿ ಕೊಡವಿದ. ಏನೂ ಬೀಳಲಿಲ್ಲ.

ಅಷ್ಟರಲ್ಲಿ ನಿರ್ದೇಶಕರೂ ಇಳಿದು ಬಂದಿದ್ದರು. ಖಾಲಿ ಚೀಲ ನೋಡಿದರು. "ಮುಗೀತಲ್ಲ. ನಾನು ಅಮ್ಮನ್ನ ಕರೀತೀನಿ."

"ಒಂದು ಹೆಜ್ಜೆ ಇಟ್ಟು ನೋಡಿ" ಎಂದಳು ಸಿಡುಕಿ.

ಅವಳ ಮುಖ ನೋಡಿ ಅವರು ಎತ್ತಿದ ಕಾಲನ್ನು ಹಾಗೇ ಕೆಳಗಿಟ್ಟರು. ಅವಳು ಕಂಪ್ಯೂಟರಿನಲ್ಲಿ 'ಹಸಿರು ಕಲ್ಲಿನ ಪಿನ್ನು' ಎಂದು ಬರೆದು ಒತ್ತಿದಳು. ಎಂದಿನಂತೆ ತಕ್ಷಣ ಉತ್ತರ ಬಂತು.

ಪೆಟ್ಟಿಗೆ: ಅಮ್ಮ. ಜಾಗ: ಮುಂದಿನ ಸಾಲು, ನಡುವಿನ ಕುರ್ಚಿ. ಒಳಗೆ: ಎಡ ಹೆಗಲು. ಒಳಗೆ: ನೀಲಿ ಶಾಲು. ಒಳಗೆ: ಹಸಿರು ಕಲ್ಲಿನ ಪಿನ್ನು.

ಸಿಡುಕಿ ಇನ್ನೊಮ್ಮೆ ಓದಿದಳು. ಮಧ್ಯಾಹ್ನ ಅಮ್ಮ ಕಂಪ್ಯೂಟರಿನಲ್ಲಿ ಕುಟ್ಟಿದ್ದು ಇದನ್ನೇ. ಮುಂದಿನ ಸಾಲಿಗೆ ಒಪ್ಪುವ ಬಟ್ಟೆ ತನ್ನಲ್ಲಿಲ್ಲವೆಂದು ಉಗ್ರಾಣದ ಶಾಲು ಹೊದ್ದುಕೊಂಡಳು, ಜಾರದಿರಲೆಂದು ಉಗ್ರಾಣದ ಪಿನ್ನೇ ಚುಚ್ಚಿಕೊಂಡಳು. ಕಂಪನಿಯ ಸಾಮಾನು ಸುಮ್ಮನೆ ಹಾಗೆ ಮುಟ್ಟುವವಳಲ್ಲ. ಯಾವುದೂ ಗಾಳಿಯಲ್ಲಿ ತೇಲಬಾರದು ಎಂದು ಮಗಳೇ ಕಟ್ಟಳೆ ಮಾಡಿದ್ದಾಳೆ. ಬೇರೆ ಪೆಟ್ಟಿಗೆ ಇಲ್ಲವಾದ್ದರಿಂದ ತನ್ನನ್ನೇ ಒಂದು ಪೆಟ್ಟಿಗೆ ಮಾಡಿ, ಸೇರಿಸಿ, ಜಾಗ ಬರೆದು ಹೋಗಿದ್ದಳು.

ಮೊದಲು ನಕ್ಕದ್ದು ಮಾವ. ಪಿನ್ನುಗಳು ಬಾಯಲ್ಲೇ ಇದ್ದವು, ಅದಕ್ಕೇ ಮೂಗಿನಲ್ಲಿ ನಕ್ಕ. ಆಮೇಲೆ ರಾಣಿ ಬಾಯಿಗೆ ಸೆರಗು ತುರುಕಿಕೊಂಡಳು. ಸಿಡುಕಿ ಪೆಟ್ಟಿಗೆಯ ಅಂಚು ಹಿಡಿದುಕೊಂಡು ಸದ್ದಿಲ್ಲದೆ ಮೈ ಅಲುಗಾಡುವಂತೆ ನಕ್ಕಳು, ಕಣ್ಣಲ್ಲಿ ನೀರು ಬಂತು.

"ಆದ್ರೂ ಈಗ ಎಬ್ಬಿಸಲೇಬೇಕಲ್ಲ" ಎಂದರು ನಿರ್ದೇಶಕರು.

"ಪೆಟ್ಟಿಗೆಯಿಂದ ಪಿನ್ನು ತೆಗೆಯೋಕೆ ಪೆಟ್ಟಿಗೆ ಯಾಕೆ ಎತ್ತಬೇಕು?" ಎನ್ನುತ್ತಾ ಸಿಡುಕಿ ಫೋನು ಹಿಡಿದು ಹೊರಟಾಗಿತ್ತು.

ಸಭಾಂಗಣ ಕತ್ತಲಾಗಿತ್ತು. ಅವಳು ನಡು ಬಗ್ಗಿಸಿಕೊಂಡು ಮುಂದಿನ ಸಾಲಿನವರ ಮೊಣಕಾಲುಗಳನ್ನು ಸವರಿಕೊಂಡು ಹೋಗಿ ಅಮ್ಮನ ಕುರ್ಚಿಯ ಬುಡದಲ್ಲಿ ಕುಕ್ಕರುಗಾಲಿನಲ್ಲಿ ಕೂತಳು. ರಂಗದ ಬೆಳಕು ಅಮ್ಮನ ಮುಖದ ಮೇಲೆ ಬೀಳುತ್ತಿತ್ತು. ಬಾಯಿ ತುಸು ತೆರೆದಿತ್ತು. ಮಗಳು ಬಂದದ್ದು ಅವಳಿಗೆ ಗೊತ್ತೇ ಆಗಲಿಲ್ಲ.

"ಅಮ್ಮ, ಹಸಿರು ಪಿನ್ನು ಬೇಕು. ರಾಣಿಗೆ" ಎಂದು ಸಿಡುಕಿ ಪಿಸುಗುಟ್ಟಿದಳು.

ಅಮ್ಮ ರಂಗದಿಂದ ಕಣ್ಣು ಕೀಳಲಿಲ್ಲ. "ತಲೆ ತಗ್ಗಿಸು. ರಾಜ ಕಾಣ್ತಿಲ್ಲ."

ಸಿಡುಕಿ ತಲೆ ತಗ್ಗಿಸಿ ಹೆಗಲಿಗೆ ಕೈ ಹಾಕಿದಳು. ಅಮ್ಮ ಫಟ್ಟನೆ ಕೈಮೇಲೆ ಒಂದು ಕೊಟ್ಟಳು. "ಬರೆದ್ಯಾ?"

"ಏನು?"

"ಮೊದಲು ಮೆಷಿನ್ನಿಗೆ, ಆಮೇಲೆ ಕೈಗೆ."

"ಅಮ್ಮ, ಟೈಮಿಲ್ಲ ಕಣೆ."

"ಬರಿ."

ಮುಂಗೋಪದ ಮಗಳಿಗೆ ಆ ತಾಯಿಯೇ ಸರಿ. ಸಿಡುಕಿ ಫೋನನ್ನು ಅಮ್ಮನ ಸೆರಗಿನ ಮರೆಯಲ್ಲಿ ತೆರೆದು, ಪಿನ್ನನ್ನು 'ಅಮ್ಮ'ನಿಂದ ತೆಗೆದು 'ರಾಣಿ' ಪೆಟ್ಟಿಗೆಯ ಮೇಲುಹೊದಿಕೆಯೊಳಗೆ ಹಾಕಿದಳು. ಉಸಿರು ಬಿಗಿಹಿಡಿದಳು. ಒತ್ತೊತ್ತಾದ ಹಳೆಯ ನಂಬರುಗಳಾಗಿದ್ದರೆ ಯಂತ್ರ ಇಷ್ಟು ಹೊತ್ತಿಗೆ ಮತ್ತೆ ಇಡೀ ಊರಿನ ಮನೆ ಖಾಲಿ ಮಾಡಿಸಲು ಕೂರುತ್ತಿತ್ತು. ಆದರೆ ನಡುವೆ ಜಾಗವಿತ್ತು. ಪಿನ್ನು ಆ ಜಾಗದಲ್ಲಿ ಸುಮ್ಮನೆ ಹೋಗಿ ಕೂತಿತು. ತೆರೆಯ ಮೇಲೆ 'ಸೇರಿತು' ಎಂದು ಬಂತು.

"ಬರೆದೆ."

"ಹಿಂದಿನವರಿಗೆ ಬೆಳಕು ಬೀಳ್ತಿದೆ, ಆರಿಸು" ಎಂದಳು ಅಮ್ಮ. ರಾಜನನ್ನೇ ನೋಡುತ್ತಾ, ಬರೀ ಬೆರಳಿನ ಅಂದಾಜಿನ ಮೇಲೆ ಪಿನ್ನು ಬಿಚ್ಚಿ ಮಗಳ ಅಂಗೈಯಲ್ಲಿಟ್ಟಳು. ಜಾರಿದ ಶಾಲನ್ನು ಎಡಗೈಯಿಂದ ಹಿಡಿದುಕೊಂಡಳು. "ಇನ್ನು ಹೋಗು. ರಾಜನ ಪಕ್ಕ ಕೊಳಲು ಊದ್ತಿದ್ದಾಳಲ್ಲ, ಅವಳು ಏನೋ ಮೋಸ ಮಾಡೋ ಹಾಗಿದೆ, ನೋಡಬೇಕು."

ಹಸಿರು ಕಲ್ಲು ದೃಶ್ಯಕ್ಕೆ ಸರಿಯಾಗಿ ರಾಣಿಯ ಎದೆಗೆ ಏರಿತು. ಅವಳು ಅದನ್ನು ಬಿಚ್ಚಿ ದೂತನ ಕೈಗಿಟ್ಟಾಗ ದೀಪದಲ್ಲಿ ಅದು ಕೊನೆಯ ಸಾಲಿಗೂ ಕಾಣುವಂತೆ ಮಿಂಚಿತು. ನಿರ್ದೇಶಕರು ಸಿಡುಕಿಯ ಕಡೆ ತಿರುಗಿ ಏನೋ ಹೇಳಲು ಹೋದರು. ಅವಳ ಮೂಗು ಇನ್ನೂ ಕೆಂಪಗಿತ್ತು, ಅದಕ್ಕೇ ಮತ್ತೆ ರಂಗದ ಕಡೆಗೇ ತಿರುಗಿಕೊಂಡರು.

ಕಡೆಯ ದೃಶ್ಯದ ಹೊತ್ತಿಗೆ ಸಿಡುಕಿ ಉಗ್ರಾಣದಲ್ಲಿ ಅಮ್ಮನ ಸ್ಟೂಲಿನ ಮೇಲೆ ಕೂತಿದ್ದಳು. ಕೈಯಲ್ಲಿ ಟೀ ಲೋಟ. ಮೇಲೆ ರಾಜನ ಹೆಜ್ಜೆ ತಡವರಿಸಿತು, ಬೂಟು ಎಳೆಯಿತು, ನಿಂತಿತು. ಆಮೇಲೆ ನಡುತೊಲೆಯ ಮೇಲೆ ದೊಪ್ಪೆಂದು ಸದ್ದು. ಅವಳು ಕೈ ಮುಚ್ಚುವಷ್ಟರಲ್ಲಿ ಧೂಳು ಲೋಟಕ್ಕೆ ಬಿದ್ದಾಗಿತ್ತು. ಮೇಲೆ ಇಡೀ ಸಭೆ ಮೌನವಾಗಿತ್ತು. ಆ ಮೌನದಲ್ಲಿ ಮುಂದಿನ ಸಾಲಿನಿಂದ ಯಾರೋ ಗಟ್ಟಿಯಾಗಿ ಮೂಗು ಸೀಟಿಕೊಂಡದ್ದು ಹಲಗೆಗಳನ್ನು ದಾಟಿ ಕೆಳಗೂ ಕೇಳಿತು.

"ನಮ್ಮಕ್ಕ" ಎಂದ ಮಾವ.

ಪರದೆ ಬಿದ್ದು, ಜನ ಚಪ್ಪಾಳೆ ತಟ್ಟಿ ತಟ್ಟಿ ದಣಿದ ಮೇಲೆ ಅಮ್ಮ ಮೆಟ್ಟಿಲಿಳಿದು ಬಂದಳು. ಕಣ್ಣು ಊದಿಕೊಂಡಿದ್ದವು, ಮುಖ ಹೊಳೆಯುತ್ತಿತ್ತು. ಬಂದವಳೇ ಶಾಲು ಮಡಚುತ್ತಾ ಬೈಯಲು ಶುರು ಮಾಡಿದಳು. "ಸೇನಾಪತಿಯ ಎರಡನೇ ಗುಂಡಿ ಸಡಿಲ ಇದೆ, ಮುಂದೆ ಕೂತವರಿಗೆ ಎದ್ದು ಕಾಣುತ್ತೆ. ಏನೋ, ನೀನು ನೋಡಿಲ್ವೇನೋ?"

ಮಾವ ಹೂಂ ಎಂದ.

"ಇಷ್ಟು ವರ್ಷ ಗುಂಡಿ ನಾನೇ ಹೊಲಿದು ಕೊಡ್ತಿದ್ದೆ, ವೇಷ ಮೇಲೆ ಹೇಗೆ ಕಾಣುತ್ತೆ ಅಂತ ಗೊತ್ತೇ ಇರಲಿಲ್ಲ. ಚೆನ್ನಾಗಿ ಕಾಣುತ್ತೆ ಕಣೆ." ಅವಳು ಶಾಲಿನ ಅಂಚು ಸರಿಮಾಡಿ ಇನ್ನೊಂದು ಮಡಿಕೆ ಹಾಕಿದಳು. "ಆ ರಾಜ ಸತ್ತಾಗ ಎದ್ದು ಹೋಗಿ ಹಿಡ್ಕೊಂಡುಬಿಡೋಣ ಅನ್ನಿಸ್ತು."

ಸಿಡುಕಿ ಮೂಗು ಕೆಂಪಾಗುವ ಮೊದಲೇ ಕಂಪ್ಯೂಟರಿನ ಕಡೆ ತಿರುಗಿದಳು. ಶಾಲನ್ನು ಅದರ ಪೆಟ್ಟಿಗೆಗೆ ಸೇರಿಸಿದಳು. ಈಗ 'ಅಮ್ಮ' ಎಂಬ ಪೆಟ್ಟಿಗೆ ಖಾಲಿಯಾಗಿ ಉಳಿದಿತ್ತು. ಅದನ್ನು ಅಳಿಸಲು ಬೆರಳು ಇಟ್ಟಳು.

"ಅದನ್ನ ಯಾಕೆ ಅಳಿಸ್ತೀಯ? ಇರಲಿ ಬಿಡು" ಎಂದಳು ಅಮ್ಮ.

"ಖಾಲಿ ಇದೆಯಲ್ಲ."

"ನಾಳೆ ಸಂಜೆ ಮತ್ತೆ ಶಾಲು ಬೇಕಲ್ಲ. ಪಿನ್ನು ಬೇರೆ ಯಾವುದಾದ್ರೂ ಹಾಕ್ಕೋತೀನಿ." ಅಮ್ಮ ಬಗ್ಗಿ ತೆರೆಯನ್ನು ನೋಡಿದಳು. "ಜಾಗ ಮಾತ್ರ ಸ್ವಲ್ಪ ಬದಲಾಯಿಸು. ನಡುವಿನ ಕುರ್ಚಿ ಬೇಡ, ಅದರ ಎಡಗಡೆದು ಬರಿ. ರಾಜ ಆ ಕಡೆಗೇ ಬೀಳೋದು."